ಖಂಡಪ್ಪನ ಬಂದೂಕು ಠಾಣೆಯಲ್ಲಿದ್ದಾಗ

ಲೋಕಸಭೆ ಚುನಾವಣೆ ಘೋಷಣೆಯಾದ ವಾರವೇ ಜಾಲಕುಂಟಿಯ ಖಂಡಪ್ಪ ತನ್ನ ಒಂಟಿ ನಳಿಗೆಯ ಬಂದೂಕನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಚಿಂಚೋಳಿಯ ಠಾಣೆಗೆ ಒಪ್ಪಿಸಿ ಬಂದ. ಪ್ರತಿ ಚುನಾವಣೆಗೂ ಇದು ಇದ್ದದ್ದೇ. ಲೈಸೆನ್ಸಿನ ಬಂದೂಕುಗಳು ಮತ ಎಣಿಕೆ ಮುಗಿಯುವ ತನಕ ಪೊಲೀಸರ ಹತ್ತಿರ ಇರಬೇಕು. ಮೋಟಾರ್ ಸೈಕಲ್ಲಿನ ಹಿಂದೆ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತು ಹೋದವನು ಅವನ ಜೊತೆಗಾರ ಮುಕ್ರಮ. ಠಾಣೆಯಲ್ಲಿ ರಸೀದಿ ಬರೆಯುವಾಗಲೂ ಅವನು ಪಕ್ಕದಲ್ಲೇ ನಿಂತಿದ್ದ. ಬರುವ ದಾರಿಯಲ್ಲಿ ಚಂದಾಪುರದಲ್ಲಿ ಇಬ್ಬರೂ ಚಹಾ ಕುಡಿದರು. ಇನ್ನು ಮೂರು ತಿಂಗಳು ಹಂದಿಗಳದ್ದೇ ರಾಜ್ಯ ಎಂದು ಮುಕ್ರಮ ನಕ್ಕಿದ್ದ.

ಜಾಲಕುಂಟಿ ಅಡವಿಯ ಸೆರಗಿನಲ್ಲಿರುವ ಊರು. ಸಂಜೆಯಾದರೆ ಕಾಡುಹಂದಿಗಳು ಗುಡ್ಡ ಇಳಿದು ಹಳ್ಳದ ಜಾಲಿಯೊಳಗೆ ಸೇರುತ್ತವೆ. ಊರ ದೀಪಗಳು ಒಂದೊಂದಾಗಿ ಆರಿದ ಮೇಲೆ ಹೊಲಕ್ಕೆ ನುಗ್ಗುತ್ತವೆ. ತೊಗರಿ, ಜೋಳ, ಕಬ್ಬು, ಯಾವುದನ್ನೂ ಬಿಡುವುದಿಲ್ಲ. ಶೇಂಗಾ ಎಂದರಂತೂ ಅವಕ್ಕೆ ಹಬ್ಬ. ಒಂದು ಹಿಂಡು ಒಳಬಿದ್ದರೆ ಬೆಳಗಾಗುವುದರೊಳಗೆ ಒಂದು ಎಕರೆಯನ್ನು ನೇಗಿಲು ಹೊಡೆದ ಹಾಗೆ ಉತ್ತು ಹೋಗುತ್ತದೆ. ಖಂಡಪ್ಪನ ಬಂದೂಕು ಇದ್ದದ್ದೇ ಇದಕ್ಕಾಗಿ. ಬೆಳೆ ಕಾಯಲೆಂದು ಅವನ ತಂದೆ ಪಡೆದ ಲೈಸೆನ್ಸು ತಂದೆಯ ನಂತರ ಅವನ ಹೆಸರಿಗೆ ಬಂದಿತ್ತು. ಅರಣ್ಯದವರ ಪರವಾನಗಿ ಇಲ್ಲದೆ ಅವನು ಗುಂಡು ಹಾರಿಸುತ್ತಿರಲಿಲ್ಲ. ಹೊಡೆದ ಹಂದಿಯನ್ನು ಅವರ ಕಣ್ಣೆದುರೇ ಹುಗಿಯುತ್ತಿದ್ದ. ಐವತ್ತೆರಡು ವಯಸ್ಸಿನ ಈ ಮನುಷ್ಯನಿಗೆ ಊರಲ್ಲಿ ಒಂದು ಹೆಸರಿತ್ತು. ಗುಂಡು ದಂಡ ಮಾಡುವವನಲ್ಲ, ಮಾತೂ ದಂಡ ಮಾಡುವವನಲ್ಲ ಎನ್ನುತ್ತಿದ್ದರು.

ಆ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಮುಕ್ರಮ ಬ್ಯಾಟರಿ ಹಿಡಿದು, ಅದನ್ನು ಹಚ್ಚದೆ, ಬರಿಗಾಲಲ್ಲಿ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ಗಾಳಿ ಎದುರಿನಿಂದ ಬರುವ ಹಾಗೆ ದಾರಿ ಹಿಡಿಯುವವನು ಅವನೇ. ಕಾಯಿ ಕಡಿಯುವ ಕಟಕಟ ಸಪ್ಪಳ ಕಿವಿಗೆ ಬಿದ್ದೊಡನೆ ಕುಕ್ಕರಗಾಲಲ್ಲಿ ಕೂತು ಬೆಳಕು ಬಿಡುತ್ತಿದ್ದ. ಹಂದಿ ತಲೆ ಎತ್ತುವ ಆ ಒಂದು ಗಳಿಗೆಯಲ್ಲಿ ಖಂಡಪ್ಪ ಅವನ ತಲೆಯ ಮೇಲಿನಿಂದ ಗುಂಡು ಬಿಡಬೇಕು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಹಂದಿ ಬಿದ್ದ ಮೇಲೆ ಮುಕ್ರಮ ಅದರ ಹತ್ತಿರ ಹೋಗುತ್ತಿರಲಿಲ್ಲ. ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಹಗಲಲ್ಲಿ ಅವನಿಗೆ ಎಮ್ಮೆ ಸಾಕುವ ಕೆಲಸ. ಅದಕ್ಕೂ ಮೊದಲು ಸೇಡಂ ಕಡೆಯ ಕಲ್ಲಿನ ಗಣಿಯಲ್ಲಿ ಬಂಡೆಗೆ ತೂತು ಹೊಡೆದು ಮದ್ದು ತುಂಬುತ್ತಿದ್ದ. ಧೂಳು ಎದೆಗೆ ಕೂತು ಕೆಮ್ಮು ಹಿಡಿದಿದ್ದರಿಂದ ಅದನ್ನು ಬಿಟ್ಟು ಊರಿಗೆ ಬಂದಿದ್ದ.

ಬಂದೂಕು ಒಪ್ಪಿಸಿ ಬಂದ ಒಂಬತ್ತನೇ ರಾತ್ರಿ ಹಳ್ಳದ ಕಡೆಯಿಂದ ಗುಂಡು ಹಾರಿದಂಥ ಒಂದು ಸದ್ದು ಬಂತು. ಖಂಡಪ್ಪ ಅಂಗಳದ ಹೊರಸಿನ ಮೇಲೆ ಮಲಗಿದ್ದವನು ಎದ್ದು ಕೂತ. ನಾಯಿಗಳು ಬೊಗಳಿ ಸುಮ್ಮನಾದವು. ಹೆಂಡತಿ ಮರೆಮ್ಮ ಬಾಗಿಲಿಗೆ ಬಂದು ನಿಂತಳು.

"ನಿಮ್ಮ ಬಂದೂಕ ಠಾಣ್ಯಾಗೇ ಅದಲ್ರೀ?" ಎಂದಳು.

"ಒಯ್ಯೂದು ನೀನೇ ನೋಡೀದಿ."

"ನೋಡೀನಿ. ಅದಕ್ಕೇ ಕೇಳಿದೆ."

ಅವಳು ಒಳಗೆ ಹೋದಳು. ಅವಳು ದೀಪ ಹಚ್ಚಿ, ಬಂದೂಕು ಇಡುತ್ತಿದ್ದ ಜಂತಿಯ ಸಂದಿಯನ್ನು ಒಮ್ಮೆ ನೋಡಿ ಮತ್ತೆ ಆರಿಸಿದ್ದು ಖಂಡಪ್ಪನಿಗೆ ಹೊರಗಿನಿಂದಲೇ ಗೊತ್ತಾಯಿತು. ಮೂವತ್ತು ವರ್ಷ ಬಾಳಿದ ಹೆಂಡತಿಗೇ ಅನುಮಾನ ಬಂದರೆ ಊರಿನವರಿಗೆ ಬರದೆ ಇರುತ್ತದೆಯೇ ಎಂದು ಅವನಿಗೆ ಆಗಲೇ ಅನ್ನಿಸಿತು.

ಅದು ಹಾಗೇ ಆಯಿತು. ಬೆಳಿಗ್ಗೆ ಹೋಟೆಲಿನ ಮುಂದೆ ನಾಲ್ಕು ಜನ ಕೂತಿದ್ದರು. ಅವನು ಬಂದೊಡನೆ ಮಾತು ನಿಂತಿತು. ಹಳ್ಳದ ದಂಡೆಗೆ ಮೂರು ಎಕರೆ ಶೇಂಗಾ ಹಾಕಿದ್ದ ಗುರುಲಿಂಗಪ್ಪನೂ ಅಲ್ಲಿದ್ದ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೆತ್ತನೆಯ ಮಾತು. ಊರಿನ ಜಗಳಗಳಲ್ಲಿ ಎರಡೂ ಕಡೆಯವರು ಕರೆಯುತ್ತಿದ್ದ ಹಿರಿಯ ಅವನು.

"ಏನ್ ಖಂಡಪ್ಪ, ರಾತ್ರಿ ಹಂದಿ ಬಿತ್ತೇನು?"

ತನ್ನ ಬಂದೂಕು ಊರಲ್ಲೇ ಇಲ್ಲ ಎಂದು ಖಂಡಪ್ಪ ಹೇಳಿದ. ಅದು ತನಗೂ ಗೊತ್ತು ಎಂದ ಗುರುಲಿಂಗಪ್ಪ. ಆದರೆ ಸಪ್ಪಳ ಬಂದದ್ದು ತನ್ನ ಹೊಲದ ಕಡೆಯಿಂದ, ಬಂದೂಕು ಇಲ್ಲದ ಊರಲ್ಲಿ ಅಂಥ ಸಪ್ಪಳ ಎಲ್ಲಿಂದ ಬರಬೇಕು ಎಂದು ಕೇಳಿದ. ಖಂಡಪ್ಪ ಅಂಗಿಯ ಕಿಸೆಯಿಂದ ಠಾಣೆಯ ರಸೀದಿ ತೆಗೆದು ತೋರಿಸಿದ. ತೋರಿಸಿದ ಮೇಲೆ ಹಾಗೆ ಮಾಡಬಾರದಿತ್ತು ಎನ್ನಿಸಿತು. ರಸೀದಿ ಇಟ್ಟುಕೊಂಡು ತಿರುಗುವವನನ್ನು ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ. ಒಂದು ಬಂದೂಕಿನ ರಸೀದಿ ಇದ್ದರೆ ಇನ್ನೊಂದು ಬಂದೂಕು ಇಲ್ಲ ಎಂದೇನೂ ಆಗುವುದಿಲ್ಲ.

ನಾಲ್ಕು ದಿನ ಬಿಟ್ಟು ಮತ್ತೆ ಅದೇ ಸದ್ದು. ಆ ಬೆಳಿಗ್ಗೆ ಮುಕ್ರಮನ ಗಬ್ಬದ ಎಮ್ಮೆ ಹಳ್ಳದ ದಂಡೆಯಲ್ಲಿ ಮೋರೆಯ ತುಂಬ ರಕ್ತ ಸುರಿಸಿಕೊಂಡು ನಿಂತಿತ್ತು. ರಾತ್ರಿ ಕಣ್ಣಿ ಹರಿದುಕೊಂಡು ಹೋಗಿದ್ದ ಎಮ್ಮೆ. ಕೆಳಗಿನ ದವಡೆ ಚೂರಾಗಿದೆ, ಯಾರೋ ಹಂದಿ ಅಂದುಕೊಂಡು ಕತ್ತಲಲ್ಲಿ ಹೊಡೆದಿದ್ದಾರೆ ಎಂಬ ಸುದ್ದಿ ಹೊತ್ತೇರುವುದರೊಳಗೆ ಊರೆಲ್ಲ ಆಗಿತ್ತು. ಹೊಡೆಯಬಲ್ಲವನು ಊರಲ್ಲಿ ಒಬ್ಬನೇ.

ಖಂಡಪ್ಪ ಮುಕ್ರಮನ ಮನೆಗೆ ಓಡಿದ. ಮುಕ್ರಮನ ಹೆಂಡತಿ ಚಾಂದಬೀ ಬಾಗಿಲಲ್ಲೇ ಅಡ್ಡ ನಿಂತಿದ್ದಳು. ಅವನು ಬಂದರೆ ಮೊದಲು ನೀರಿನ ತಂಬಿಗೆ ತರುತ್ತಿದ್ದವಳು ಆ ದಿನ ಕೈ ಕಟ್ಟಿಕೊಂಡಿದ್ದಳು.

"ಅಣ್ಣಾ, ಅಲ್ಲೇ ನಿಂದರ್ರಿ. ಅವರು ಮನ್ಯಾಗ ಇಲ್ಲ."

ಒಳಗೆ ಮುಕ್ರಮ ಕೆಮ್ಮುತ್ತಿದ್ದ. ಆ ಕೆಮ್ಮನ್ನು ಕತ್ತಲಲ್ಲಿ ಇಪ್ಪತ್ತೆರಡು ವರ್ಷ ಕೇಳಿದ್ದವನಿಗೆ ಗುರುತು ಸಿಗದೆ ಇರುತ್ತದೆಯೇ? ಚಾಂದಬೀಗೂ ಅದು ಗೊತ್ತಿತ್ತು. ಅವಳು ಕಣ್ಣು ಬೇರೆ ಕಡೆ ತಿರುಗಿಸಿದಳು. ಎಮ್ಮೆಯ ಗಾಯ ನೋಡಿದ್ದರೆ ಖಂಡಪ್ಪನಿಗೆ ಅರ್ಧ ವಿಷಯ ಅಲ್ಲೇ ತಿಳಿಯುತ್ತಿತ್ತು. ನೋಡಲು ಬಿಡಲಿಲ್ಲ. ಗೋಡೆಯ ಆಚೆ ನೊಣಗಳ ಗುಂಯ್ ಸದ್ದು ಕೇಳುತ್ತ ಅವನು ಸ್ವಲ್ಪ ಹೊತ್ತು ನಿಂತು ತಿರುಗಿ ಬಂದ.

ಮರುದಿನ ಇಬ್ಬರು ಪೊಲೀಸರು ಅವನ ಮನೆಗೆ ಬಂದರು. ಯಾರೋ ಹೆಸರು ಹೇಳದೆ ಫೋನ್ ಮಾಡಿದ್ದರಂತೆ. ಕಾಳಿನ ಚೀಲ, ಹಾಸಿಗೆ, ಕಣಕಿಯ ಬಣವೆ ಎಲ್ಲ ನೋಡಿದರು. ಕೊನೆಗೆ ಒಬ್ಬ ನೇರವಾಗಿ ಅಡುಗೆ ಮನೆಗೆ ಹೋಗಿ ಒಲೆಯ ಪಕ್ಕದ ಕಬ್ಬಿಣದ ಕೊಳವೆಯನ್ನು ಎತ್ತಿಕೊಂಡು ಬಂದ. ಅದು ಖಂಡಪ್ಪನ ಅಜ್ಜನ ಕಾಲದ ಮದ್ದಿನ ಬಂದೂಕಿನ ನಳಿಗೆಯ ತುಂಡು. ತುಕ್ಕು ಹಿಡಿದು ಹಿಂದೆ ಮುಂದೆ ತೂತಾದ ಅದರಿಂದ ಮರೆಮ್ಮ ಇಪ್ಪತ್ತು ವರ್ಷದಿಂದ ಒಲೆ ಊದುತ್ತಿದ್ದಳು. ಅವಳು ಅದನ್ನೇ ಹೇಳಿದಳು. ಪೊಲೀಸಿನವನು ಕೊಳವೆಯೊಳಗೆ ಕಣ್ಣಿಟ್ಟು ನೋಡಿ, ನಗಲಿಲ್ಲ, ಚೀಲಕ್ಕೆ ಹಾಕಿಕೊಂಡ. ಖಂಡಪ್ಪನ ಹೇಳಿಕೆ ಬರೆದುಕೊಂಡರು. ವಿಚಾರಣೆ ಮುಗಿಯುವ ತನಕ ಚುನಾವಣೆ ಆದರೂ ಬಂದೂಕು ವಾಪಸು ಸಿಗುವುದಿಲ್ಲ ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಖಂಡಪ್ಪ ಒಲೆಯ ಮುಂದೆ ಕೂತೇ ಇದ್ದ. ಊದುವ ಆ ಕೊಳವೆ ಒಂದು ಕಾಲಕ್ಕೆ ಬಂದೂಕಿನ ನಳಿಗೆಯಾಗಿತ್ತು ಎಂಬುದು ಮನೆಯವರನ್ನು ಬಿಟ್ಟರೆ ಒಬ್ಬನಿಗೆ ಮಾತ್ರ ಗೊತ್ತಿತ್ತು. ಇದೇ ಒಲೆಯ ಮುಂದೆ ಕೂತು ಚಹಾ ಕುಡಿಯುವಾಗ ಮುಕ್ರಮನಿಗೆ ಅವನೇ ಅದನ್ನು ತೋರಿಸಿದ್ದ.

ಐದನೇ ದಿನ ಎಮ್ಮೆ ಸತ್ತಿತು. ಮೇವು ಮುಟ್ಟಲಾಗದೆ, ನೀರು ಕುಡಿಯಲಾಗದೆ, ಹೊಟ್ಟೆಯಲ್ಲಿ ಕರು ಇಟ್ಟುಕೊಂಡೇ ಸತ್ತಿತು. ಚಂದಾಪುರದ ದನದ ಡಾಕ್ಟರು ಎರಡು ಸಲ ಬಂದು ಹೋಗಿದ್ದರು. ಖಂಡಪ್ಪ ಅವರನ್ನು ದವಾಖಾನೆಯಲ್ಲೇ ಹೋಗಿ ಕಂಡು, ಗಾಯ ಎಂಥದ್ದು ಎಂದು ಕೇಳಿದ. ಅವರು ಮುಚ್ಚಿಡಲಿಲ್ಲ. ಗುಂಡಲ್ಲ, ಛರ್ರೆಯ ಸಣ್ಣ ಕಾಳುಗಳೂ ಅಲ್ಲ, ಬಾಯೊಳಗೇ ಏನೋ ಸಿಡಿದಿದೆ, ನಾಲಿಗೆ ಸುಟ್ಟಿದೆ ಎಂದರು. ಎಮ್ಮೆಯ ಯಜಮಾನನಿಗೂ ಇದನ್ನೇ ಹೇಳಿದ್ದೇನೆ ಎಂದೂ ಸೇರಿಸಿದರು.

ಬಾಯೊಳಗೆ ಸಿಡಿಯುವಂಥದ್ದು ಒಂದೇ. ಹಂದಿಗೆ ಇಡುವ ಮದ್ದಿನ ಉಂಡೆ. ತಿನ್ನುವ ಪದಾರ್ಥದೊಳಗೆ ಅಡಗಿಸಿ ಬದುವಿನ ಮೇಲೆ ಇಟ್ಟುಬಿಡುತ್ತಾರೆ. ಕಚ್ಚಿದ ಪ್ರಾಣಿಯ ದವಡೆ ಹಾರಿಹೋಗುತ್ತದೆ. ಕಾನೂನು ಒಪ್ಪದ ಹೊಲಸು ಕೆಲಸ ಅದು. ಹಾಗಾದರೆ ಮದ್ದಿನ ಕೆಲಸ ಬಲ್ಲವರು ಊರಲ್ಲಿ ಯಾರು? ಹಿಂದಿರುಗಿ ಬರುವ ದಾರಿಯುದ್ದಕ್ಕೂ ಖಂಡಪ್ಪನ ತಲೆಯಲ್ಲಿ ಕಲ್ಲಿನ ಗಣಿಯೇ ತಿರುಗುತ್ತಿತ್ತು. ಬಂದೂಕು ಇಲ್ಲದ ಹೊತ್ತಿನಲ್ಲಿ ಹೊಲದವರಿಗೆ ತಾನೇ ಬೇಕಾದವನಾಗಬೇಕೆಂದು ಮುಕ್ರಮ ಉಂಡೆ ಕಟ್ಟಿರಬೇಕು. ತನ್ನ ಎಮ್ಮೆಯೇ ಕಚ್ಚಿದಾಗ ಹೆದರಿ ತಪ್ಪನ್ನು ಖಂಡಪ್ಪನ ಮೇಲೆ ಹಾಕಿರಬೇಕು. ಚಾಂದಬೀ ಬಾಗಿಲಿಗೆ ಅಡ್ಡ ನಿಂತದ್ದು, ಒಳಗಿನ ಕೆಮ್ಮು, ಕೊಳವೆಯ ಸುದ್ದಿ ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಮರೆಮ್ಮನಿಗೆ ಹೇಳಿದಾಗ ಅವಳು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಕಣ್ಣಾರೆ ಕಾಣದೆ ಯಾರ ಮುಂದೆಯೂ ಅಂದುಬಿಡಬೇಡಿ ಎಂದಷ್ಟೇ ಹೇಳಿದಳು.

ಕಣ್ಣಾರೆ ಕಾಣಲೆಂದೇ ಅವನು ಆ ರಾತ್ರಿಯಿಂದ, ಊರು ಮಲಗಿದ ಮೇಲೆ, ಬರಿಗೈಯಲ್ಲಿ ಗುರುಲಿಂಗಪ್ಪನ ಶೇಂಗಾ ಹೊಲದ ಬಳಿಯ ಹುಣಸೆ ಮರ ಹತ್ತಿ ಕೂತ. ಎರಡು ರಾತ್ರಿ ಏನೂ ಕಾಣದೆ, ಮೊದಲ ಕೋಳಿ ಕೂಗಿದೊಡನೆ ಇಳಿದು ಮನೆಗೆ ಹೋದ. ಮೂರನೇ ರಾತ್ರಿ, ಎರಡು ಗಂಟೆಯ ಸುಮಾರಿಗೆ, ದೀಪವಿಲ್ಲದೆ ಒಂದು ಆಕಾರ ಬದುವಿನ ಮೇಲೆ ಬಂತು. ನಾಲ್ಕು ಹೆಜ್ಜೆ ಇಡುವುದು, ಬಗ್ಗುವುದು, ನೆಲ ಸವರುವುದು, ಮತ್ತೆ ನಾಲ್ಕು ಹೆಜ್ಜೆ. ಮೋರೆ ಕಾಣದಿದ್ದರೂ ಖಂಡಪ್ಪನಿಗೆ ಗುರುತು ಹತ್ತಿತು. ಹಿಮ್ಮಡಿ ಊರದೆ ಬೆರಳ ಮೇಲೆ ನಡೆಯುವ ಆ ನಡಿಗೆ ಅವನಿಗೆ ತನ್ನ ನಡಿಗೆಗಿಂತ ಚೆನ್ನಾಗಿ ಗೊತ್ತಿತ್ತು.

ಅವನು ಮರ ಇಳಿದು ಹಿಂದಿನಿಂದ ಹೋಗಿ ಮುಕ್ರಮನ ರಟ್ಟೆ ಹಿಡಿದ.

"ಜಗ್ಗಬ್ಯಾಡ," ಎಂದ ಮುಕ್ರಮ. ದನಿ ಬಹಳ ಸಣ್ಣಗಿತ್ತು. "ಕೈಯಾಗ ಉಂಡಿ ಅದ. ಬಿದ್ರ ಇಬ್ಬರೂ ಉಳಿಯಂಗಿಲ್ಲ."

ಖಂಡಪ್ಪ ಹಿಡಿತ ಸಡಿಲಿಸಲಿಲ್ಲ, ಜಗ್ಗಲೂ ಇಲ್ಲ. ಬೆಲ್ಲ ಮತ್ತು ಒಣ ಮೀನಿನ ವಾಸನೆ ಮೂಗಿಗೆ ಬಡಿಯಿತು.

"ಇಡಾಕ ಬಂದೀಯೇನು?"

"ಹೆಕ್ಕಾಕ ಬಂದೀನಿ. ನೀ ಇಟ್ಟದ್ದು."

ಇಬ್ಬರೂ ಹಾಗೇ ನಿಂತರು. ಹಳ್ಳದ ಕಡೆ ಏನೋ ಜಾಲಿಯೊಳಗೆ ಸರಿದು ನಿಂತಿತು. ಮುಕ್ರಮ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು, ಉಂಡೆಯನ್ನು ನೀರು ಹಾಯಿಸಿದ್ದ ಒದ್ದೆ ಮಣ್ಣಿನಲ್ಲಿ ಇಟ್ಟ. ಖಂಡಪ್ಪನೂ ಅವನೊಂದಿಗೇ ಬಗ್ಗಿದ. ಉಂಡೆ ನೆಲ ಸೇರಿದ ಮೇಲೆಯೇ ರಟ್ಟೆ ಬಿಟ್ಟ.

"ನಾ ಇಟ್ಟೀನಂತ ಯಾರು ಹೇಳ್ಯಾರ?"

"ಯಾರೂ ಹೇಳಿಲ್ಲ. ನಾನೇ ಅಂದ್ಕೊಂಡೀನಿ. ಮದ್ದಿನ ಬಂದೂಕ ಇದ್ದ ಮನಿ ಊರಾಗ ನಿಮ್ಮದೊಂದೇ."

"ಪೊಲೀಸರಿಗೆ ಊದೋ ಕೊಳವಿ ಸುದ್ದಿ ಹೇಳಿದವರು ಯಾರು?"

"ಅದು ನಾನೇ. ಅವರು ಎಮ್ಮಿ ನೋಡಾಕ ಬಂದಾಗ ಹೇಳೀನಿ. ಫೋನ್ ಮಾಡಿದವ ನಾ ಅಲ್ಲ." ಮುಕ್ರಮ ಕೆಮ್ಮನ್ನು ತಡೆದುಕೊಂಡ. "ಇಪ್ಪತ್ತೆರಡು ವರ್ಷ ನಿನ್ನ ನಳಿಗಿ ಮುಂದ ನಡದೀನಿ ಖಂಡಪ್ಪ. ಒಂದಿನ ಹಿಂದಕ ತಿರುಗಿ ನೋಡಿಲ್ಲ. ಎಮ್ಮಿ ಮಾರಿ ನೋಡಿದ ದಿನ ನೋಡಬೇಕಿತ್ತು ಅನಿಸ್ತು."

ಗಣಿಯ ಮದ್ದಿನ ಬಗ್ಗೆ ತಾನು ಅಂದುಕೊಂಡದ್ದನ್ನು ಖಂಡಪ್ಪನೂ ಹೇಳಿಬಿಟ್ಟ. ಮುಕ್ರಮ ಅದಕ್ಕೆ ಸಿಟ್ಟಾಗಲಿಲ್ಲ. ತನ್ನ ಎಮ್ಮೆಗೆ ತಾನೇ ಇಡುತ್ತೇನೆಯೇ ಎಂದು ಮಾತ್ರ ಕೇಳಿದ. ಅವನ ದನಿ ಕೇಳಿ ಅದು ನಿಜವೇ ಇರಬೇಕು ಎನ್ನಿಸಿತು ಖಂಡಪ್ಪನಿಗೆ. ಮರುಗಳಿಗೆಯೇ, ಎಮ್ಮೆ ಕಣ್ಣಿ ಹರಿದುಕೊಂಡು ಹೋಗುತ್ತದೆ ಎಂದು ಅವನಿಗಾದರೂ ಎಲ್ಲಿ ಗೊತ್ತಿತ್ತು ಎಂದೂ ಅನ್ನಿಸಿತು. ಮುಕ್ರಮನೂ ಹೀಗೇ ಏನೋ ಲೆಕ್ಕ ಹಾಕುತ್ತಿದ್ದಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಒಂದು ಮಾತು ಹೇಳಿದ.

"ಇಟ್ಟವ ಬೆಳಕ ಹರಿಯೂದರೊಳಗ ಬಂದು ಹೆಕ್ಕಬೇಕು. ದನ ಬಿಡೂ ಹೊತ್ತಿಗೆ ಇಲ್ಲಿ ಇರಬಾರದು. ಇಟ್ಟವ ನೀನಾದ್ರ ಮತ್ಯಾರೂ ಬರಂಗಿಲ್ಲ. ನಾನಾದ್ರೂ ಅಷ್ಟೇ. ಕುಂದ್ರು."

ಇಬ್ಬರೂ ಬದುವಿನ ಮರೆಯಲ್ಲೇ ಕೂತರು. ಉಂಡೆ ನಡುವೆ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಏಳುವ ಹಾಗಿರಲಿಲ್ಲ. ಮುಕ್ರಮ ಬೀಡಿ ಹಚ್ಚಲಿಲ್ಲ. ಖಂಡಪ್ಪ ಕಾಲು ಜೋಮು ಹಿಡಿದರೂ ಕದಲಲಿಲ್ಲ. ಮೂಡಲಲ್ಲಿ ಬೂದು ಬಣ್ಣ ಬರುವ ಹೊತ್ತಿಗೆ ಖಂಡಪ್ಪನ ಎದೆಯಲ್ಲಿ ಒಂದು ಹೆದರಿಕೆ ಶುರುವಾಯಿತು. ಯಾರೂ ಬರದೇ ಹೋದರೆ ಇಟ್ಟವನು ಈ ಮನುಷ್ಯನೇ ಎಂದು ನಂಬಬೇಕಾಗುತ್ತದೆ.

ಆಗ ಬಂದವನು ಗುರುಲಿಂಗಪ್ಪ. ಧೋತರ ಮೇಲೆ ಕಟ್ಟಿ, ಬ್ಯಾಟರಿಯ ಬಾಯಿಗೆ ಅಂಗೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ನೀರಿನ ಬಕೆಟ್ ಹಿಡಿದಿದ್ದ. ಒಂದು ಕಲ್ಲಿನ ಹತ್ತಿರ ಬಗ್ಗಿ ಏನನ್ನೋ ಎತ್ತಿ ನೀರಲ್ಲಿ ಬಿಟ್ಟ. ಬೇವಿನ ಬುಡದಲ್ಲಿ ಇನ್ನೊಂದು. ಹೀಗೆ ನಾಲ್ಕಾದವು. ಐದನೆಯ ಜಾಗದಲ್ಲಿ ಬಹಳ ಹೊತ್ತು ಹುಡುಕಿದ. ಮೊಣಕಾಲೂರಿ ಹುಲ್ಲು ಸರಿಸಿ ನೋಡಿದ. ಅವನ ಉಸಿರು ಜೋರಾದದ್ದು ಇವರಿಗೆ ಕೇಳುತ್ತಿತ್ತು.

ಎದ್ದವನು ಮುಕ್ರಮ. "ಐದನೇದು ಇಲ್ಲಿ ಅದ್ರೀ, ಸಾವಕಾರ," ಎಂದ.

ಗುರುಲಿಂಗಪ್ಪ ಓಡಲಿಲ್ಲ. ಬಕೆಟ್ ಕೆಳಗಿಟ್ಟು ಬದುವಿನ ಮೇಲೆ ಕೂತುಬಿಟ್ಟ. ಬಂದೂಕು ಠಾಣೆಗೆ ಹೋಯಿತು, ಶೇಂಗಾ ಹಂದಿಯ ಪಾಲಾಗುತ್ತಿತ್ತು, ಗಡಿಯಾಚೆಯ ಸಂತೆಯಲ್ಲಿ ಯಾರೋ ಇದನ್ನು ಕೊಟ್ಟ ಎಂದು ಹೇಳಿದ. ಸಂಜೆ ಇಟ್ಟು, ಯಾರಿಗೂ ತೊಂದರೆ ಆಗಬಾರದೆಂದು ದಿನಾ ನಸುಕಿಗೆ ತಾನೇ ಬಂದು ಹೆಕ್ಕುತ್ತಿದ್ದೆ ಎಂದ. ಕೈಯಿಂದ ಒಂದು ಇರುವೆಗೂ ನೋವು ಮಾಡದ ತಾನು ಇದನ್ನು ಮಾಡಿದೆ ಎಂದು ಯಾರಿಗೆ ಹೇಳಲಿ ಎಂದು ಅವನೇ ಕೇಳಿದ. ಎಮ್ಮೆ ಸತ್ತ ದಿನ ಊಟ ಬಿಟ್ಟಿದ್ದನಂತೆ. ಆದರೂ ಉಂಡೆ ಇಡುವುದನ್ನು ಬಿಟ್ಟಿರಲಿಲ್ಲ.

"ಠಾಣೆಗೆ ಫೋನ್ ಮಾಡಿ ನನ್ನ ಹೆಸರು ಹೇಳಿದ್ದೂ ನೀವೇ ಏನ್ರಿ?" ಎಂದು ಖಂಡಪ್ಪ ಕೇಳಿದ.

"ನಾ ಅಲ್ಲ ಅಂದ್ರ ನೀ ನಂಬತೀಯೇನು?"

ಫೋನ್ ಮಾಡಿದವರು ಯಾರೆಂದು ಖಂಡಪ್ಪನಿಗೆ ಇವತ್ತಿಗೂ ತಿಳಿದಿಲ್ಲ.

ಮುಂದೇನು ಎಂಬಲ್ಲಿ ಇಬ್ಬರಿಗೂ ಹೊಂದಲಿಲ್ಲ. ಎಮ್ಮೆಗೆ ಬದಲಾಗಿ ಎಮ್ಮೆ ಕೊಟ್ಟರೆ ಸಾಕು, ಹಿರಿಯ ಮನುಷ್ಯ, ಮುಗಿಸಿಬಿಡೋಣ ಎಂದ ಮುಕ್ರಮ. ತನ್ನ ಹೆಸರು ಪೊಲೀಸರ ಕಾಗದದ ಮೇಲೆ ಇದೆ, ಅದು ಅಳಿಯಬೇಕಾದರೆ ಅವರೇ ಬಂದು ನೋಡಬೇಕು ಎಂದ ಖಂಡಪ್ಪ. ಕೊನೆಗೆ ಅವನೇ ಫೋನ್ ಮಾಡಿದ. ಹತ್ತು ಗಂಟೆಗೆ ಪೊಲೀಸರೂ ಅರಣ್ಯದವರೂ ಬಂದು ಬಕೆಟ್ಟನ್ನೂ ಒದ್ದೆ ಮಣ್ಣಲ್ಲಿದ್ದ ಉಂಡೆಯನ್ನೂ ಒಯ್ದರು. ಗುರುಲಿಂಗಪ್ಪನ ಮೇಲೆ ಕೇಸಾಯಿತು. ಜಾಮೀನು ಸಿಕ್ಕಿತು. ಈಗಲೂ ತಾರೀಖಿಗೆ ಕೋರ್ಟಿಗೆ ಹೋಗಿ ಬರುತ್ತಾನೆ. ಅವನ ಹೆಂಡತಿ ಶಿವಕಾಂತಮ್ಮ ಯಾರನ್ನೂ ಕೇಳಲಿಲ್ಲ. ತಮ್ಮ ಕೊಟ್ಟಿಗೆಯ ಹಾಲು ಕೊಡುವ ಎಮ್ಮೆಯನ್ನು ತಾನೇ ಹಗ್ಗ ಹಿಡಿದು ನಡುಹಗಲಲ್ಲಿ ಊರ ನಡುವೆ ನಡೆಸಿಕೊಂಡು ಹೋಗಿ ಚಾಂದಬೀಯ ಗೂಟಕ್ಕೆ ಕಟ್ಟಿ ಬಂದಳು.

ಊರು ಅಲ್ಲಿಗೆ ಸುಮ್ಮನಾಯಿತು ಎನ್ನುವ ಹಾಗಿಲ್ಲ. ಹಿರಿಯ ಮನುಷ್ಯನನ್ನು ಠಾಣೆ ಮೆಟ್ಟಿಲು ಹತ್ತಿಸಿದ ಎಂದು ಕೆಲವರು ಖಂಡಪ್ಪನನ್ನು ಬೈದರು. ಐದನೇ ಉಂಡೆ ಇವನೇ ತಂದಿಟ್ಟದ್ದು, ಬಂದೂಕು ಬಿಡಿಸಿಕೊಳ್ಳಲು ಮಾಡಿದ ಆಟ ಎಂದು ಇನ್ನೂ ಕೆಲವರು ಆಡಿಕೊಂಡರು. ಹೋಟೆಲಿನ ಮುಂದೆ ಅವನು ಬಂದಾಗ ಮಾತು ನಿಲ್ಲುವುದು ಬಹಳ ದಿನ ನಡೆಯಿತು.

ಜೂನ್ ತಿಂಗಳಲ್ಲಿ ಬಂದೂಕು ವಾಪಸು ಬಂತು. ಮುಕ್ರಮ ಅಷ್ಟರೊಳಗೆ ವಾಡಿಯಲ್ಲಿ ಒಂದು ಗೋದಾಮಿನ ಕಾವಲಿಗೆ ಸೇರಿದ್ದ. ಹೋಗುವ ಮೊದಲು ಮನೆಗೆ ಬಂದು, ಎದೆ ಮೊದಲಿನಂತಿಲ್ಲ, ರಾತ್ರಿಯ ತಂಪು ಆಗುವುದಿಲ್ಲ ಎಂದು ಹೇಳಿದ. ಕಾವಲು ಕೂಡ ರಾತ್ರಿಯದೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಮರೆಮ್ಮ ಚಹಾ ಮಾಡಿದಳು. ಕುಡಿದು, ಮಳೆಯ ಮಾತು ಆಡಿ, ಅವನು ಬಸ್ಸಿಗೆ ಹೋದ. ಊರಿಗೆ ಬಂದಾಗ ಈಗಲೂ ಬರುತ್ತಾನೆ, ಕೂಡುತ್ತಾನೆ. ಹೊಲದ ಮಾತು ಮಾತ್ರ ತೆಗೆಯುವುದಿಲ್ಲ.

ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹಂದಿಗಳು ಮತ್ತೆ ಇಳಿದವು. ಬ್ಯಾಟರಿ ಹಿಡಿಯಲು ಖಂಡಪ್ಪ ಇಬ್ಬರು ಮೂವರನ್ನು ಕೇಳಿದ. ಯಾರೂ ಒಪ್ಪಲಿಲ್ಲ. ಒಂದು ಸಂಜೆ ಮರೆಮ್ಮ ಸೆರಗು ಬಿಗಿದು, ಚಪ್ಪಲಿ ಬಿಟ್ಟು, ತಾನೇ ಬ್ಯಾಟರಿ ಎತ್ತಿಕೊಂಡಳು. ಬೇಡ ಎಂದರೆ ಕೇಳುವ ಹೆಂಗಸಲ್ಲ ಅವಳು. ತೊಗರಿ ಸಾಲಿನ ನಡುವೆ ಅವಳು ಮುಂದೆ, ಅವನು ಹಿಂದೆ. ಅವಳ ನಡಿಗೆಗೆ ಸಪ್ಪಳ ಹೆಚ್ಚು, ಆದರೆ ಕಿವಿ ಚುರುಕು. ಎರಡನೇ ಹೊಲದ ಮೂಲೆಯಲ್ಲಿ ಅವಳು ಕೂತು ಬೆಳಕು ಬಿಟ್ಟಳು. ದೊಡ್ಡದೊಂದು ಹೆಣ್ಣು ಹಂದಿ ಬೆಳಕಿಗೆ ತಲೆ ಎತ್ತಿತು. ಹೊಟ್ಟೆಯ ಕೆಳಗೆ ಗೆರೆ ಗೆರೆಯ ನಾಲ್ಕೈದು ಮರಿಗಳಿದ್ದವು. ಖಂಡಪ್ಪ ಗುರಿ ಇಟ್ಟ. ಅಷ್ಟರಲ್ಲಿ ಬೆಳಕು ಆರಿತು. ಕತ್ತಲಲ್ಲಿ ತೊಗರಿ ಗಿಡಗಳು ಪಟಪಟ ಮುರಿಯುತ್ತ ಸದ್ದು ದೂರ ಹೋಯಿತು.

"ಬ್ಯಾಟರಿ ಕೈಕೊಟ್ತು ಕಾಣ್ತದ್ರೀ," ಎಂದಳು ಮರೆಮ್ಮ.

ಸೆಲ್ಲು ಅವನು ಅವತ್ತೇ ಮಧ್ಯಾಹ್ನ ಚಂದಾಪುರದಿಂದ ಹೊಸದಾಗಿ ತಂದು ಹಾಕಿದ್ದ. ಖಂಡಪ್ಪ ಬಂದೂಕಿನ ಕುದುರೆ ಇಳಿಸಿ, ಮುಂದಿನ ಹೊಲಕ್ಕೆ ಹೋಗೋಣ ನಡಿ ಎಂದ.